ನಾಲ್ಕನೆಯ ಗಂಟು

ಎರಡು ಟಗರುಗಳ ತಲೆ ಒಂದಕ್ಕೊಂದು ಬಡಿದಾಗ ಬರುವ ಸದ್ದನ್ನು ಕಮತಗಿಯಲ್ಲಿ ಯಾರೂ ಬಾಯಿಂದ ಮಾಡಿ ತೋರಿಸಲಾರರು. ಇಳಕಲ್ಲಿನ ಕ್ವಾರಿಯಲ್ಲಿ ಬಂಡೆ ಸೀಳಿದಂತೆ ಎನ್ನಬಹುದು, ಆದರೆ ಬಂಡೆಯೊಳಗೆ ರಕ್ತ ಇರುವುದಿಲ್ಲ. ಶಿವರಾತ್ರಿ ಮುಗಿದ ಮೊದಲ ಭಾನುವಾರ, ಎಂಟು ಹಲ್ಲು ಮೂಡಿ ಪೂರ್ತಿ ಬೆಳೆದ ಟಗರುಗಳ ಕಣದಲ್ಲಿ, ಗಾಳೆಪ್ಪನ ಟಗರು ಸಿಡ್ಲ ಹದಿನೇಳು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಓಡಿ ಬಂದು ಮೂವತ್ತೊಂದನೆಯ ಟಕ್ಕರು ಕೊಟ್ಟಾಗ ಎದುರಿನ ಟಗರಿನ ಎಡಗೊಂಬು ಬುಡದಲ್ಲೇ ಸೀಳಿ, ರಕ್ತ ಹಾರಿ, ಮೈಕು ಹಿಡಿದವನ ಬಿಳಿ ಅಂಗಿಗೆ ಸಿಡಿಯಿತು. ಅವನು ಮಾತು ನಿಲ್ಲಿಸಲಿಲ್ಲ. ಕೊಂಬು ಸೀಳಿದ ಟಗರು ಒಂದು ಕ್ಷಣ ಏನೋ ಮರೆತವರಂತೆ ನಿಂತು, ಆಮೇಲೆ ಮೆಲ್ಲಗೆ ತಿರುಗಿ ನಡೆಯಿತು. ಬೆನ್ನು ತೋರಿಸಿದ್ದು ಸೋತಿತು, ಕಣದ ಕಾನೂನು ಅಷ್ಟೇ.

ಸೋತ ಟಗರು ಹುನಗುಂದದ ಧರ್ಮರಾಜನದು. ಟ್ರ್ಯಾಕ್ಟರು ಹೊಡೆಯುವ ಈ ಧರ್ಮರಾಜ ಇಪ್ಪತ್ತು ವರ್ಷದಿಂದ ಗಾಳೆಪ್ಪನ ಎದುರಾಳಿ, ಹಾಗಾಗಿ ಹೆಚ್ಚುಕಡಿಮೆ ಗೆಳೆಯನೂ ಹೌದು. ರಕ್ತ ಒರೆಸುತ್ತಲೇ ಅವನ ಕಣ್ಣು ಗಾಳೆಪ್ಪನ ಧೋತರದ ಮೇಲೆ ಬಿತ್ತು.

“ಲೇ ಗಾಳ್ಯಾ, ಎಡತೊಡಿಯೊಳಗ ಏನ ಬಚ್ಚಿಟ್ಟೀಯಲೇ?”

“ನಿನ್ನ ಟಗರಿನ ಮಿದುಳು. ಹೊರಗ ಬಿದ್ದಿತ್ತು, ಎತ್ತಿಟ್ಟೇನಿ.”

ಸುತ್ತಲಿದ್ದವರು ನಕ್ಕರು. ಗಾಳೆಪ್ಪನೂ ನಕ್ಕ. ಆದರೆ ಸಿಡ್ಲನ ಹಗ್ಗ ಹಿಡಿದು ನಿಂತಿದ್ದ ಅವನ ಹೆಂಡತಿಯ ತಮ್ಮ ಕಲ್ಲೇಶ ನಗಲಿಲ್ಲ. ಗಾಳೆಪ್ಪನ ತೊಡೆಯ ಗಂಟು ಧೋತರದ ಮೇಲೆ ಎದ್ದು ಕಾಣುವಷ್ಟು ದೊಡ್ಡದಾಗಿದೆ ಎಂದು ಅವನಿಗೆ ಗೊತ್ತಾದದ್ದೇ ಆವಾಗ.

ಗಾಳೆಪ್ಪನಿಗೆ ನಲವತ್ತಾರು. ಎಮ್ಮೆ ಎರಡು, ಹೊಲ ಸ್ವಲ್ಪ, ಆದರೆ ಊರಿನವರಿಗೆ ಅವನು ಅಂದರೆ ಅವನ ಕೈಗಳು. ಅಮೀನಗಡ, ಐಹೊಳೆ, ಬಾದಾಮಿ ಕಡೆಯಿಂದೆಲ್ಲ ಟಗರು ಸಾಕುವವರು ತಮ್ಮ ಟಗರಿಗೆ ಗಂಟು ಎದ್ದರೆ ಟೆಂಪೋದಲ್ಲಿ ಹಾಕಿಕೊಂಡು ಇವನ ಹಿತ್ತಲಿಗೆ ಬರುತ್ತಿದ್ದರು. ಇವನು ಕಣ್ಣು ಮುಚ್ಚಿ, ಉಣ್ಣೆಯೊಳಗೆ ಬೆರಳು ಇಳಿಸಿ, ಒಂದೇ ನಿಮಿಷದಲ್ಲಿ ಹೇಳುತ್ತಿದ್ದ. ಅವನ ಲೆಕ್ಕದಲ್ಲಿ ಗಂಟು ನಾಲ್ಕು ಜಾತಿ. ಚರ್ಮದ ಕೆಳಗೆ ಹುಣಸೆ ಬೀಜದಂತೆ ಜಾರುವುದು ಕೊಬ್ಬಿನದು, ಇರಲಿ ಬಿಡು. ಬಿಸಿಯಾಗಿದ್ದು, ಮುಟ್ಟಿದರೆ ಟಗರು ಒದೆಯುವುದು ಕೀವಿನದು, ಸೀಳು. ಟಕ್ಕರು ತಿಂದು ಎದ್ದದ್ದು ಪೆಟ್ಟಿನದು, ಕರಗಿಸು. ನಾಲ್ಕನೆಯದಕ್ಕೆ ಹೆಸರಿರಲಿಲ್ಲ. ಟಗರು ಸುಮ್ಮನೆ ನಿಂತಾಗ ಅದು ಸ್ವಲ್ಪ ಅಲುಗುತ್ತದೆ, ಕಾಲು ಬಿಗಿದು ಮಾಂಸ ಗಟ್ಟಿಯಾದ ಕೂಡಲೇ ನೆಟ್ಟ ಗೂಟದಂತೆ ನಿಂತುಬಿಡುತ್ತದೆ. ಬೇರು ಆಳದಲ್ಲಿದೆ ಎಂದರ್ಥ. ಅಂಥದ್ದನ್ನು ಮುಟ್ಟಿದರೆ ಗಾಳೆಪ್ಪ ಕೈ ತೊಳೆದುಕೊಂಡು ಬಂದು, “ಇದಕ್ಕ ಬ್ಲೇಡ ಹಚ್ಚಬ್ಯಾಡ್ರಿ,” ಅನ್ನುತ್ತಿದ್ದ. ಯಾಕೆ ಎಂದು ಹೇಳುತ್ತಿರಲಿಲ್ಲ.

ಯಾಕೆ ಎಂಬುದು ಅವನ ಹೆಂಡತಿ ಸಕ್ರವ್ವನಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಗಾಳೆಪ್ಪನ ಮೊದಲ ಟಗರು ಭೀಮ್ಯಾನ ತೊಡೆಗೆ ಇಂಥ ಗಂಟು ಎದ್ದಿತ್ತು. “ಸೀಳಿದ ಮ್ಯಾಲೆ ಗೊತ್ತಾಗ್ತೇತಿ ಏನಂತ,” ಎಂದು ಅವನೇ ಸೀಳಿದ್ದ. ಕೀವೂ ಬರಲಿಲ್ಲ, ಕೊಬ್ಬೂ ಬರಲಿಲ್ಲ. ಮೀನಿನ ಮಾಂಸದಂಥ ಬಿಳಿ ಮುದ್ದೆ ಹರಿದು ಹರಿದು ಬಂತು. ತಿಂಗಳೊಳಗೆ ಎರಡರಷ್ಟಾಗಿ ಮತ್ತೆ ಬೆಳೆಯಿತು. ಮೂರನೆಯ ತಿಂಗಳು ಭೀಮ್ಯಾ ಉಸಿರು ಸಿಗದೆ ಕಾಲು ಬಡಿದು ಬಡಿದು ಸತ್ತಾಗ, ಕೊಯ್ದು ನೋಡಿದರೆ ಪುಪ್ಪುಸದ ತುಂಬ ಬಟಾಣಿಯಷ್ಟು ಬಿಳಿ ಹರಳು.

ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ತನ್ನ ತೊಡೆಯನ್ನು ಮಾತ್ರ ಟಗರಿನ ತೊಡೆಯಂತೆ ಮುಟ್ಟಿ ನೋಡಿರಲಿಲ್ಲ. ಕಾರಣ ಸರಳ. ದಸರೆಯ ಹೊತ್ತಿಗೆ ತಾಲೀಮು ಮಾಡಿಸುವಾಗ ಸಿಡ್ಲ ತಪ್ಪಿ ಅವನ ಎಡತೊಡೆಗೆ ಗುದ್ದಿತ್ತು. ಅದಾಗಿ ಎರಡು ವಾರಕ್ಕೆ ಬೆರಳಿಗೆ ನಿಂಬೆಕಾಯಿಯಷ್ಟು ಸಿಕ್ಕಿತು. ಪೆಟ್ಟು ಬಿತ್ತು, ಗಂಟು ಬಂತು, ಅದರೊಳಗೆ ಯೋಚಿಸುವುದೇನಿದೆ? ಮೇಲಾಗಿ ಒಂದಿಷ್ಟೂ ನೋವಿರಲಿಲ್ಲ.

“ನೋವಿಲ್ಲಂದ್ರ ಬ್ಯಾನಿ ಇಲ್ಲ,” ಅನ್ನುತ್ತಿದ್ದ.

“ಗೋಡಿ ಬೀಳೋಕಿಂತ ಮೊದಲ ಗೋಡಿಗೆ ನೋವಾಗಿರ್ತೈತೇನು?” ಸಕ್ರವ್ವ ಮಗ್ಗದ ಕುಣಿಯಲ್ಲಿ ಕಾಲು ಆಡಿಸುತ್ತಲೇ ಕೇಳುತ್ತಿದ್ದಳು. ಅವಳು ಇಳಕಲ್ಲಿನ ನೇಕಾರರ ಮಗಳು. ಎಳೆ ಒಂದು ಹೆಚ್ಚಾದರೂ ಒಂದು ಕಡಿಮೆಯಾದರೂ ಅವಳ ಕಣ್ಣಿಗೆ ಕಾಣುತ್ತದೆ.

ಟಗರು ಸಾಕುವವರಲ್ಲಿ ಒಂದು ರೂಢಿ ಇದೆ. ಪ್ರತಿ ಅಮವಾಸ್ಯೆ ಟಗರಿನ ಕುತ್ತಿಗೆಗೆ ದಾರ ಸುತ್ತಿ, ಸುತ್ತು ಮುಗಿದ ಜಾಗಕ್ಕೆ ಒಂದು ಗಂಟು ಹಾಕಿಡುವುದು. ಮುಂದಿನ ಅಮವಾಸ್ಯೆ ಅದೇ ದಾರ ಸುತ್ತಿದರೆ ಕುತ್ತಿಗೆ ಎಷ್ಟು ತುಂಬಿತು ಎಂದು ಗಂಟು ಹೇಳುತ್ತದೆ. ದೀಪಾವಳಿ ಅಮವಾಸ್ಯೆಯ ಮಧ್ಯಾಹ್ನ, ಸಿಡ್ಲನನ್ನು ಅಳೆದು ಹೋಳಿಗೆ ಉಂಡು ಗಾಳೆಪ್ಪ ಗೊರಕೆ ಹೊಡೆಯುತ್ತಿದ್ದಾಗ, ಸಕ್ರವ್ವ ಮಗ್ಗದಿಂದ ಒಂದು ಕೆಂಪು ದಾರ ಕಿತ್ತು ಅವನ ತೊಡೆಗೆ ಸುತ್ತಿ ಗಂಟು ಹಾಕಿದಳು. ಅವನಿಗೆ ಹೇಳಲಿಲ್ಲ. ಛಟ್ಟಿ ಅಮವಾಸ್ಯೆಗೆ ಒಂದು, ಎಳ್ಳಮವಾಸ್ಯೆಗೆ ಒಂದು, ಅವರಾತ್ರಿಗೆ ಒಂದು, ಶಿವರಾತ್ರಿ ಅಮವಾಸ್ಯೆಗೆ ಐದನೆಯದು. ಗಂಟುಗಳ ನಡುವಿನ ಅಂತರ ಮೊದಲು ಅರ್ಧ ಬೆರಳಿತ್ತು, ಆಮೇಲೆ ಒಂದು, ಕೊನೆಗೆ ಎರಡು. ದವಾಖಾನಿಗೆ ಹೋಗೋಣ ಎಂದು ಅವಳು ಐದು ಸಲ ಹೇಳಿದಳು, ಐದೂ ಸಲ ಅವನು ಟಗರಿನ ಮಾತು ತೆಗೆದ.

ಕಣದಲ್ಲಿ ಧರ್ಮರಾಜ ಚುಚ್ಚಿದ್ದು ಮಾತ್ರ ನಾಟಿತು. ಮನೆಗೆ ಬಂದವನೇ ಗಾಳೆಪ್ಪ ತೀರ್ಮಾನ ಮಾಡಿದ. ಪೆಟ್ಟಿನ ಗಂಟು ಶಾಖಕ್ಕೂ ಬಿಸಿ ಉಪ್ಪಿನ ಪೊಟ್ಟಣಕ್ಕೂ ಕರಗದಿದ್ದರೆ, ಯಾವ ಟಗರು ಕೊಟ್ಟಿತೋ ಅದೇ ಟಗರು ಒಡೆಯಬೇಕು. ಇದು ಹಳಬರ ಮಾತು, ಟಗರುಗಳಿಗೆ ಮಾಡುತ್ತಿದ್ದ ಉಪಾಯ. ಮನುಷ್ಯರಿಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅವನು ಹಿತ್ತಲಿನ ಬೇವಿನ ಮರಕ್ಕೆ ಒಂದು ಗೋಣಿಚೀಲದಲ್ಲಿ ಉಸುಕು ತುಂಬಿ, ನೀರು ಹಾಕಿ, ತನ್ನ ತೊಡೆಯ ಎತ್ತರಕ್ಕೆ ಕಟ್ಟಿಸಿದ. ಹತ್ತು ದಿನ ಕಲ್ಲೇಶ ಸಿಡ್ಲನನ್ನು ಬಿಟ್ಟು ಬಿಟ್ಟು ಆ ಚೀಲಕ್ಕೆ ಗುದ್ದಿಸಿದ. ಗುದ್ದಿದಾಗಲೆಲ್ಲ ಬಾಯಿಗೆ ಬೆಲ್ಲ. ಹತ್ತನೆಯ ದಿನ ಚೀಲ ಹರಿಯಿತು.

ಹೋಳಿ ಹುಣ್ಣಿಮೆಯ ಮರುದಿನ, ಸಕ್ರವ್ವ ನೀರಿಗೆ ಹೋದ ಹೊತ್ತು ನೋಡಿ, ಗಾಳೆಪ್ಪ ಒದ್ದೆ ಗೋಣಿಯನ್ನು ಎಡತೊಡೆಗೆ ಸುತ್ತಿಕೊಂಡು ಮರಕ್ಕೆ ಬೆನ್ನು ಕೊಟ್ಟು ನಿಂತ.

“ಮಾವಾ, ಬ್ಯಾಡ,” ಅಂದ ಕಲ್ಲೇಶ. “ಕಾಲು ಮುರದ್ರ ಅಕ್ಕ ನನ್ನ ಜೀವಂತ ಬಿಡೂದಿಲ್ಲ.”

“ಕೊಬ್ಬರಿ ಒಡದಂಗ ಒಂದ ಪೆಟ್ಟ. ಬಿಡಲೇ.”

ಕಲ್ಲೇಶ ಹಗ್ಗ ಬಿಟ್ಟ.

ಎಂಬತ್ತೈದು ಕಿಲೋ ಟಗರು ಹನ್ನೆರಡು ಹೆಜ್ಜೆ ಓಡಿ ಬಂದರೆ ಅದು ಪ್ರಾಣಿಯಲ್ಲ, ಬಿಟ್ಟ ಗುಂಡು. ಸಿಡ್ಲ ಹಿಂಗಾಲ ಮೇಲೆ ಅರ್ಧ ಎದ್ದು, ತಲೆ ಬಗ್ಗಿಸಿ, ಗೋಣಿಯ ನಟ್ಟನಡುವೆ ಬಡಿಯಿತು. ಗಾಳೆಪ್ಪನ ತಲೆ ಹಿಂದಕ್ಕೆ ಹೋಗಿ ಬೇವಿನ ತೊಗಟೆಗೆ ಅಪ್ಪಳಿಸಿತು. ತೊಡೆಯೊಳಗೆ ಏನೋ ಒಡೆಯಿತು, ಬಿಸಿನೀರಿನ ಹಂಡೆ ಬಿರುಕು ಬಿಟ್ಟಂತೆ, ಒಳಗೊಳಗೇ ಬೆಚ್ಚಗೆ ಹರಡಿತು. ಬೆಲ್ಲ ಬರಲಿಲ್ಲವೆಂದು ಸಿಡ್ಲ ಹಿಂದೆ ಸರಿದು ಮತ್ತೊಮ್ಮೆ ಓಡಿ ಬಂತು. ಎರಡನೆಯ ಪೆಟ್ಟಿಗೆ ಅವನು ನೆಲಕ್ಕೆ ಬಿದ್ದ. ಮೂರನೆಯದು ತಪ್ಪಿದ್ದು, ಕೊಡ ಎಸೆದು ಓಡಿ ಬಂದ ಸಕ್ರವ್ವ ಮೂಲೆಯಲ್ಲಿದ್ದ ಹೆಂಟೆ ಒಡೆಯುವ ಕೊಡತಿಯಿಂದ ಟಗರಿನ ಮೂಗಿನ ಮೇಲೆ ಬಾರಿಸಿದ್ದರಿಂದ. ಟಗರಿಗೆ ಒಂದೇ ಏಟು. ಕಲ್ಲೇಶನಿಗೆ ಎಣಿಸಲಾಗದಷ್ಟು. ಬೆನ್ನು, ಭುಜ, ಮುಂಗೈ ಅಂತ ನೋಡದೆ ಹೊಡೆದಳು, ಕೊಡತಿಯ ಹಿಡಿ ಮುರಿದ ಮೇಲೆ ಕೈಯಿಂದ ಹೊಡೆದಳು. ಅವನು ಮುಖ ಮುಚ್ಚಿಕೊಂಡು ನಿಂತೇ ಇದ್ದ.

ಸಂಜೆಗೆ ತೊಡೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮೂರನೆಯ ದಿನಕ್ಕೆ ಧೋತರ ಉಡಲಾಗದಷ್ಟು ಉಬ್ಬಿತು. ಹತ್ತಿರದ ಒಂದು ಸಣ್ಣ ದವಾಖಾನಿಯಲ್ಲಿ ಸೂಜಿ ಚುಚ್ಚಿ ಒಂದು ಬಟ್ಟಲು ಕಪ್ಪು ರಕ್ತ ತೆಗೆದರು. ಎರಡು ದಿನಕ್ಕೆ ಮತ್ತೆ ತುಂಬಿತು. ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಸಣ್ಣವನು, ಕೆಟ್ಟವನಲ್ಲ, ಅವಸರದವನು.

“ಸೋಮವಾರ ಬರ್ರಿ. ಸೂಜಿ ಕೊಟ್ಟು, ಜಾಗ ಜಡ ಮಾಡಿ, ಸೀಳಿ, ಅರ್ಧ ತಾಸಿನ್ಯಾಗ ತಗದ ಬಿಡ್ತೇನಿ.”

“ಒಳಗ ಏನೈತ್ರಿ?” ಸಕ್ರವ್ವ ಕೇಳಿದಳು.

“ರಕ್ತ ಹೆಪ್ಪುಗಟ್ಟಿರಬೇಕು, ಇಲ್ಲಾ ಕೊಬ್ಬಿನ ಗಡ್ಡಿ.”

ಸೋಮವಾರ ಗಾಳೆಪ್ಪ ಟೇಬಲಿನ ಮೇಲೆ ಮಲಗಿದ. ತೊಡೆಗೆ ಕೆಂಪು ಔಷಧಿ ಬಳಿದು, ಚರ್ಮಕ್ಕೆ ಜಡದ ಸೂಜಿ ಕೊಟ್ಟರು. ಡಾಕ್ಟರು ಬ್ಲೇಡಿನ ಕವರು ಹರಿಯುತ್ತಿದ್ದ. ಸಕ್ರವ್ವ ಬಾಗಿಲಲ್ಲೇ ನಿಂತು ಇನ್ನೊಮ್ಮೆ ಕೇಳಿದಳು, “ರಕ್ತೋ ಕೊಬ್ಬೋ ಅನ್ನೂದರ ಖಾತ್ರಿ ಮಾಡ್ಕೊಳ್ರಿ.”

ಡಾಕ್ಟರು ತಲೆ ಎತ್ತದೆ ಅಂದ, “ಸೀಳಿದ ಮ್ಯಾಲೆ ಗೊತ್ತಾಗ್ತೇತಿ ಬಿಡ್ರಿ.”

ಗಾಳೆಪ್ಪನ ಕಿವಿಯೊಳಗೆ ತನ್ನದೇ ದನಿ ಕೇಳಿದಂತಾಯಿತು, ಇಪ್ಪತ್ತೆರಡು ವರ್ಷದ ಹಿಂದಿನದು. ಅವನ ಎಡಗೈ ತಾನಾಗಿಯೇ ಕೆಳಗಿಳಿಯಿತು. ಕಣ್ಣು ಮುಚ್ಚಿದ. ಊದಿಕೊಂಡ ನೀರಿನ ಕೆಳಗೆ, ರಕ್ತದ ಕೆಳಗೆ, ಬೆರಳು ಇಳಿಸಿದ. ಸಿಕ್ಕಿತು, ತೆಂಗಿನಕಾಯಿಯ ಅರ್ಧ ಹೋಳಿನಷ್ಟು. ಅಲುಗಿಸಿದ, ಕೂದಲೆಳೆಯಷ್ಟು ಅಲುಗಿತು. ಆಮೇಲೆ ಟಗರಿನ ಹಿಂಗಾಲು ಎತ್ತಿ ಹಿಡಿದಾಗ ಮಾಡಿಸುವಂತೆ, ಹಿಮ್ಮಡಿ ಒತ್ತಿ ತೊಡೆ ಬಿಗಿ ಮಾಡಿದ. ಆಳದ ನೋವಿಗೆ ಹಲ್ಲು ಕಚ್ಚಿದ. ಗಂಟು ಗೂಟವಾಯಿತು.

ಬ್ಲೇಡು ಚರ್ಮ ಮುಟ್ಟುವುದಕ್ಕೂ ಅವನು ಡಾಕ್ಟರನ ಮಣಿಕಟ್ಟು ಹಿಡಿಯುವುದಕ್ಕೂ ಒಂದೇ ಹೊತ್ತಾಯಿತು. ಟಗರಿನ ಕೊಂಬು ಹಿಡಿದು ಪಳಗಿದ ಕೈ ಅದು. ಡಾಕ್ಟರು ಕೂಗಿದ, ಟ್ರೇ ಬಿದ್ದು ಕತ್ತರಿ ಚಿಮ್ಮಟಗಳು ನೆಲಕ್ಕೆ ಚೆಲ್ಲಿದವು, ಕಂಪೌಂಡರ ಬಬ್ಲು ಓಡಿ ಬಂದು ಗಾಳೆಪ್ಪನ ಕುತ್ತಿಗೆಗೆ ಕೈ ಹಾಕಿದ, ಸಕ್ರವ್ವ ಬಬ್ಲುವಿನ ಕೂದಲಿಗೆ ಕೈ ಹಾಕಿದಳು. ಬ್ಲೇಡು ತಗುಲಿ ಗಾಳೆಪ್ಪನ ಇನ್ನೊಂದು ಅಂಗೈ ಸೀಳಿ ರಕ್ತ ಸುರಿಯುತ್ತಿದ್ದರೂ ಅವನು ಮಣಿಕಟ್ಟು ಬಿಡಲಿಲ್ಲ.

“ತಪ್ಪ ತಿಳ್ಕೊಬ್ಯಾಡ್ರಿ ಸಾಹೇಬ್ರ,” ಅಂದ, ಏದುಸಿರು ಬಿಡುತ್ತ. “ಇದು ನಾಕನೇದು. ಇದಕ್ಕ ಬ್ಲೇಡ ಹಚ್ಚೂದಿಲ್ಲ.”

ಬಾಗಲಕೋಟೆಯ ನವನಗರದಲ್ಲಿ ಡಾಕ್ಟರ್ ಪ್ರಾಚಿ ಅವರ ಮುಂದೆ ಅವನು ಕೂತದ್ದು ಮರುದಿನ ಬೆಳಿಗ್ಗೆ, ಅಂಗೈಗೆ ಪಟ್ಟಿ ಕಟ್ಟಿಕೊಂಡು. ಅವರು ಕಮತಗಿ ಸಾಲಿಯಲ್ಲಿದ್ದ ಪಂಢರೀನಾಥ ಮಾಸ್ತರ ಮಗಳು. ಗಾಳೆಪ್ಪ ಮೊದಲು ಹೇಳಿದ ಮಾತೇ ಅದು.

“ನಿಮ್ಮಪ್ಪ ನಾಕನೇ ಕ್ಲಾಸಿನ್ಯಾಗ ನನಗ ಭಾಳ ಬಡದಾರ್ರೀ. ರೂಲಪಟ್ಟಿ ಎರಡ ತುಂಡಾಗಿತ್ತು.”

“ಮನ್ಯಾಗ ನಮಗೂ ಅದೇ ಪಟ್ಟೀರಿ,” ಅಂದರು ಪ್ರಾಚಿ. “ತೊಡಿ ತೋರಸ್ರಿ.”

ಅವರು ಮಾಡಿದ್ದು ಗಾಳೆಪ್ಪ ಟಗರುಗಳಿಗೆ ಮಾಡುತ್ತಿದ್ದುದೇ. ಅವರೂ ಮೊದಲು ಅಲುಗಿಸಿದರು, ಆಮೇಲೆ “ತೊಡಿ ಬಿಗಿ ಹಿಡೀರಿ” ಅಂದರು, ಮತ್ತೆ ಅಲುಗಿಸಿದರು. ಯಾವಾಗಿನಿಂದ, ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಕೇಳಿದರು. ಅವನು ಟಕ್ಕರಿನ ಕಥೆ ಹೇಳಿದ, ಮೊದಲಿನದು, ಎರಡನೆಯದು. ಎರಡನೆಯದನ್ನು ಕೇಳಿ ಅವರು ಪೆನ್ನು ಕೆಳಗಿಟ್ಟರು.

“ಎಲ್ಲಾರೂ ಪೆಟ್ಟಿನ ಮ್ಯಾಲೇ ಹಾಕ್ತಾರ,” ಅಂದರು. “ಪೆಟ್ಟ ಬಿದ್ದಾಗ ಅಲ್ಲೆ ಕೈ ಹೋಗ್ತೈತಿ, ಮೊದಲಿಂದ ಇದ್ದದ್ದು ಆವಾಗ ಸಿಗತೈತಿ. ರಕ್ತದ ಗಂಟಾದ್ರ ಕೆಲವು ವಾರದಾಗ ಸಣ್ಣ ಆಗ್ತಾ ಬರಬೇಕು. ಇದು ಬೆಳದೈತಿ ಅಂತೀರಿ. ಆದ್ರ ಈಗ ಸುತ್ತ ರಕ್ತ ತುಂಬೇತಿ. ಮೊದಲ ಎಷ್ಟಿತ್ತಂತ ಹ್ಯಾಂಗ ನಂಬೂದು?”

ಸಕ್ರವ್ವ ಕುಪ್ಪಸದೊಳಗಿಂದ ಕೆಂಪು ದಾರ ತೆಗೆದು ಟೇಬಲಿನ ಮೇಲೆ ಉದ್ದಕ್ಕೆ ಹಾಸಿದಳು. ಐದು ಗಂಟು. ಪ್ರತಿಯೊಂದಕ್ಕೂ ಅಮವಾಸ್ಯೆಯ ಹೆಸರು ಹೇಳಿದಳು. ಪ್ರಾಚಿ ಸ್ಕೇಲು ಇಟ್ಟು ಅಳೆದರು, ಎರಡು ಸಲ ಅಳೆದರು.

“ನನ್ನ ಟಗರ ಮಾಡೀಯಲ್ಲಾ,” ಗಾಳೆಪ್ಪ ಹೆಂಡತಿಗೆ ಮೆಲ್ಲಗೆ ಅಂದ.

“ಟಗರಿಗೆ ನಿನಗಿಂತ ಬುದ್ಧಿ ಐತಿ,” ಅಂದಳು ಸಕ್ರವ್ವ.

ಡಾಕ್ಟರು ನೇರವಾಗಿ ಹೇಳಿದರು. ನೂರು ಗಂಟಿನಲ್ಲಿ ತೊಂಬತ್ತೊಂಬತ್ತು ಅಪಾಯವಿಲ್ಲದವೇ, ಹೆಚ್ಚಿನವು ಕೊಬ್ಬಿನವು. ಆದರೆ ದೊಡ್ಡ ನಿಂಬೆಹಣ್ಣಿಗಿಂತ ದೊಡ್ಡದಾಗಿದ್ದರೆ, ಬೆಳೆಯುತ್ತಿದ್ದರೆ, ಮಾಂಸದ ಆಳದಲ್ಲಿದ್ದರೆ, ನೋವು ಇರಲಿ ಬಿಡಲಿ, ಅದು ಕೆಟ್ಟ ಗಂಟಲ್ಲ ಎಂದು ಸಾಬೀತಾಗುವ ತನಕ ಅನುಮಾನ ಬಿಡಬಾರದು. ಆ ಕೆಟ್ಟ ಗಂಟಿಗೆ ಸಾರ್ಕೋಮಾ ಎಂದು ಹೆಸರು, ಮಾಂಸ ನರ ಕೊಬ್ಬುಗಳೊಳಗೇ ಹುಟ್ಟುವ ಕ್ಯಾನ್ಸರು. ಮೊದಲು ಎಂಆರ್‌ಐ ಚಿತ್ರ. ಆಮೇಲೆ ದಪ್ಪ ಸೂಜಿಯಿಂದ ಒಂದು ಎಳೆಯಷ್ಟು ತುಣುಕು, ಅದೂ ಆಪರೇಷನ್ ಮಾಡುವವರೇ ಗುರುತು ಹಾಕಿದ ಜಾಗದಿಂದ. ಉತ್ತರ ಬರುವ ತನಕ ಯಾರೂ ಸೀಳುವಂತಿಲ್ಲ.

“ನಿನ್ನೆ ಸೀಳಿದ್ರ ಏನಾಗತಿತ್ರಿ?” ಗಾಳೆಪ್ಪ ಕೇಳಿದ.

“ಮುದ್ದಿ ಹರದು ಸುತ್ತೆಲ್ಲ ಹರಡತಿತ್ತು. ಕಾಲ ಉಳಸೂದು ಭಾಳ ಕಷ್ಟ ಆಗತಿತ್ತು.”

ಅವನಿಗೆ ಭೀಮ್ಯಾನ ಬಿಳಿ ಹರಳು ನೆನಪಾದವು. “ಪುಪ್ಪುಸ ನೋಡ್ರಿ,” ಅಂದ. “ಅಲ್ಲಿಗೇ ಹೋಗ್ತಾವು ಅವು.”

ಪ್ರಾಚಿ ತಲೆ ಎತ್ತಿದರು. “ನಿಮಗ ಯಾರ ಹೇಳಿದ್ರು?”

“ಒಂದ ಟಗರು.”

ಎದೆಯ ಸ್ಕ್ಯಾನು ಸ್ವಚ್ಛವಿತ್ತು. ತುಣುಕಿನ ಉತ್ತರ ಎರಡೂವರೆ ವಾರಕ್ಕೆ ಬಂತು, ಸಾರ್ಕೋಮಾ ಎಂದೇ. ದೂರದ ದೊಡ್ಡ ಆಸ್ಪತ್ರೆಯಲ್ಲಿ ಐದು ವಾರ ಕಿರಣ ಕೊಟ್ಟರು, ತೊಡೆಯ ಚರ್ಮ ಸುಟ್ಟ ರೊಟ್ಟಿಯಂತೆ ಕಪ್ಪಾಗಿ ಸುಲಿಯಿತು. ಆಮೇಲೆ ಏಳು ತಾಸಿನ ಆಪರೇಷನ್ನು. ಕಾಲು ಉಳಿಯಿತು. ಆದರೆ ಸರ್ಜನ್ನರು ಸುತ್ತು ಬಳಸದೆ ಹೇಳಿದರು. ಗಂಟು ಮಾತ್ರವಿದ್ದಿದ್ದರೆ ಒಂದು ಸ್ನಾಯು ತೆಗೆದರೆ ಸಾಕಿತ್ತು, ಟಗರು ಗುದ್ದಿದ ರಕ್ತ ಎಲ್ಲೆಲ್ಲಿ ಹರಿದಿತ್ತೋ ಅಲ್ಲೆಲ್ಲ ನಂಬುವಂತಿರಲಿಲ್ಲ, ಮೂರು ತೆಗೆಯಬೇಕಾಯಿತು. ಮೊಣಕಾಲು ತಾನಾಗಿ ನಿಲ್ಲುವುದಿಲ್ಲ, ಪಟ್ಟಿ ಕಟ್ಟಿಕೊಂಡು ಬಡಿಗೆ ಹಿಡಿದು ನಡೆಯಬೇಕು. ಮುಂದಿನ ವರ್ಷಗಳಲ್ಲಿ ಮೂರು ಮೂರು ತಿಂಗಳಿಗೊಮ್ಮೆ ಎದೆಯ ಚಿತ್ರ. ಗಾಳೆಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ, ಟಗರಿನ ಮುಂದೆ ನಿಲ್ಲಬಹುದೇ ಎಂದು. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಉತ್ತರ ಸಿಡ್ಲನೇ ಕೊಟ್ಟಿತು. ಮನೆಗೆ ಬಂದ ದಿನ ಕಾರಿನಿಂದ ಇಳಿದು, ಬಡಿಗೆ ಊರಿ, ಎಲ್ಲರಿಗಿಂತ ಮೊದಲು ಅವನು ಹಿತ್ತಲಿಗೇ ಹೋದ. “ಸಿಡ್ಲಾ,” ಅಂದ. ಟಗರು ತಲೆ ಎತ್ತಿ ಮೂಸಿತು. ಅದರ ಕಣ್ಣು ಅವನ ಮುಖ ಬಿಟ್ಟು ಎಡತೊಡೆಯ ದಪ್ಪ ಪಟ್ಟಿಯ ಮೇಲೆ ನಿಂತಿತು. ಹತ್ತು ದಿನ ಬೆಲ್ಲ ತಿನ್ನಿಸಿ ಕಲಿಸಿದ ಗುರಿ ಅದು, ಆರು ತಿಂಗಳಾದರೂ ಮರೆತಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿಯಿತು, ಎರಡು, ಐದು. ಗಾಳೆಪ್ಪನಿಗೆ ಅದು ಏನು ಮಾಡುತ್ತಿದೆ ಎಂದು ಪ್ರಪಂಚದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಓಡಲು ಕಾಲಿರಲಿಲ್ಲ. ಗೂಟ ಕಿತ್ತು ಹಗ್ಗ ಎಳೆದುಕೊಂಡೇ ಬಂತು. ಕಲ್ಲೇಶ ಅಡ್ಡ ಬಿದ್ದ. ಪೆಟ್ಟು ಅವನ ಪಕ್ಕೆಗೆ ಬಡಿದು ಎರಡು ಎಲುಬು ಲಟಕ್ಕೆಂದವು. ಬಿದ್ದಲ್ಲಿಂದಲೇ ಅವನು ಕೊಂಬಿಗೆ ಜೋತುಬಿದ್ದ, ಸಕ್ರವ್ವ ಹಗ್ಗವನ್ನು ಬೇವಿನ ಮರಕ್ಕೆ ಮೂರು ಸುತ್ತು ಹಾಕಿದಳು. ಟಗರು ಉರುಳು ಬಿಗಿದು ನಾಲಗೆ ಹೊರಬರುವ ತನಕ ಆ ತೊಡೆಯ ಕಡೆಗೇ ಎಳೆಯುತ್ತಿತ್ತು.

“ಕೊಟ್ಟ ಬಿಡೂಣು,” ಅಂದ ಗಾಳೆಪ್ಪ.

“ಕಟುಕಗ?” ಅಂದಳು ಸಕ್ರವ್ವ.

“ತಪ್ಪ ನಂದು. ಧರ್ಮರಾಜಗ.”

ಮುಂದಿನ ದೀಪಾವಳಿ ಕಳೆದ ಮೇಲೆ ಅದೇ ಕಣ, ಅದೇ ಮೈಕು. ಸಿಡ್ಲ ಈಗ ಹುನಗುಂದದ ಹೆಸರಿನಲ್ಲಿ ಇಳಿದಿತ್ತು. ಗಾಳೆಪ್ಪ ಕಟ್ಟೆಯ ಹಿಂದೆ, ಟಗರಿನ ಕಣ್ಣಿಗೆ ಬೀಳದ ಹಾಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಇಪ್ಪತ್ತೆರಡನೆಯ ಟಕ್ಕರಿಗೆ ಎದುರಿನ ಟಗರಿನ ಮೂಗಿನಿಂದ ರಕ್ತ ಕೋಡಿ ಹರಿಯಿತು, ಅದು ಮೊಣಕಾಲೂರಿತು, ಎದ್ದಿತು, ಬೆನ್ನು ತೋರಿಸಿತು. ಜನ ಧರ್ಮರಾಜನನ್ನು ಹೆಗಲ ಮೇಲೆ ಎತ್ತಿದರು. ಅವನು ಕೆಳಗಿಳಿದು, ಗುಲಾಲು ಬಳಿದ ಮುಖದಲ್ಲೇ ಕುರ್ಚಿಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. ಅಂಗಿಯ ತೋಳು ಮೇಲೇರಿಸಿದ.

“ಯಾರಿಗೂ ಹೇಳಬ್ಯಾಡಲೇ. ಮುಂಗೈಯಾಗ ಒಂದ ಎದ್ದೈತಿ. ಸ್ಟೇರಿಂಗ ತಿರುವಿ ತಿರುವಿ ಬಂದಿರಬೇಕು.”

ಗಾಳೆಪ್ಪ ಕಣ್ಣು ಮುಚ್ಚಿದ. ಕಣದಲ್ಲಿ ಮುಂದಿನ ಜೋಡಿಯ ತಲೆಗಳು ಬಡಿದವು, ಅವನ ಬೆರಳು ನಿಲ್ಲಲಿಲ್ಲ.

“ಸ್ಟೇರಿಂಗ ಸುದ್ದಿ ಬಿಡು,” ಅಂದ. “ಮುಷ್ಟಿ ಬಿಗಿ ಹಿಡಿ.”

ಧರ್ಮರಾಜ ಬಿಗಿದ. ಗಂಟು ಬೆರಳಿನ ಕೆಳಗೆ ಹುಣಸೆ ಬೀಜದಂತೆ ಜಾರಿತು. ಆದರೂ ಗಾಳೆಪ್ಪ ಜೇಬಿನಿಂದ ಒಂದು ಕೆಂಪು ದಾರ ತೆಗೆದು ಅವನ ಮುಂಗೈಗೆ ಸುತ್ತಿ, ಸುತ್ತು ಮುಗಿದ ಜಾಗದಲ್ಲಿ ಗಂಟು ಹಾಕಿ, ಬಿಚ್ಚಿ, ಅವನ ಕೈಗೇ ಕೊಟ್ಟ.

“ಕೊಬ್ಬಿನದ ಕಾಣತೈತಿ. ನನ್ನ ಬೆರಳ ನಂಬಿ ಕೂಡಬ್ಯಾಡ, ಒಮ್ಮಿ ಪ್ರಾಚಿ ಡಾಕ್ಟರಿಗೆ ತೋರಸು. ಬರೂ ಅಮಾಸಿಗೆ ಹೆಂಡತಿ ಕಡೆ ಅಳಸು. ಒಂದ ಎಳಿ ಹೆಚ್ಚಾದ್ರೂ ಅವತ್ತ ಟ್ರ್ಯಾಕ್ಟರ ಹೊಡಿಯೂದಲ್ಲ, ಬಾಗಲಕೋಟಿಗೆ ಹೋಗೂದು.”

“ಹೋಗಲಿಲ್ಲಂದ್ರ?”

“ಸಿಡ್ಲಗ ಬೆಲ್ಲ ತಿನಸಿ ನಿನ್ನ ಮುಂಗೈ ತೋರಸ್ತೇನಿ.”